ಕೌಂಟರಿನ ಆಚೆ ಅಮ್ಮ

ಆ ದಿನ ಬಸ್ಸಿನಿಂದ ಇಳಿದು ಬರುವಾಗಲೇ ನಾನು ಕೆಲಸ ಮಾಡುವ ಸಹಕಾರಿ ಸೊಸೈಟಿಯ ಮೆಟ್ಟಿಲ ತುಂಬ ಚಪ್ಪಲಿಗಳಿದ್ದವು. ನಮ್ಮಲ್ಲಿ ಜನ ಚಪ್ಪಲಿ ಹಾಕಿಕೊಂಡು ಸೊಸೈಟಿಯ ಒಳಗೆ ಬರುವುದಿಲ್ಲ. ಯಾರೂ ಹೇಳಿದ್ದಲ್ಲ, ಬೋರ್ಡು ಹಾಕಿದ್ದೂ ಅಲ್ಲ, ನೆಲಕ್ಕೆ ಟೈಲ್ಸ್ ಬಂದ ಮೇಲೆ ತಾನಾಗಿಯೇ ಶುರುವಾದ ಮರ್ಯಾದೆ ಅದು. ಆದರೆ ಬಾಗಿಲಿಗೆ ಬೀಗ ಇರುವಾಗಲೇ ಚಪ್ಪಲಿ ಕಳಚಿ, ಬರಿಗಾಲಲ್ಲಿ ಬೀಗವನ್ನೇ ನೋಡುತ್ತ ನಿಂತ ಜನರನ್ನು ನಾನು ಕಂಡದ್ದು ಅವತ್ತೇ ಮೊದಲು.

ಎಲ್ಲರೂ ಗೊತ್ತಿದ್ದವರೇ. ಕುವೈಟಿನಲ್ಲಿ ಮಗ ಇರುವ ಅಪ್ಪ, ಬಹರೈನಿನಲ್ಲಿ ಗಂಡ ಇರುವ ಹೆಂಡತಿ, ದುಬೈಯಲ್ಲಿ ಇಬ್ಬರು ಮೊಮ್ಮಕ್ಕಳಿರುವ ಅಜ್ಜಿ. ದಿನಾ ಕಂಡರೆ, ನಮ್ಮ ಕಡೆ ಹುಡುಗಿಯರನ್ನು ಕರೆಯುವ ಹಾಗೆ, "ಊಟ ಆಯ್ತಾ ಹೆಣೇ" ಅನ್ನುವವರು. ಅವತ್ತು ಯಾರೂ ಮಾತಾಡಿಸಲಿಲ್ಲ. ಒಬ್ಬಾತ ಮಾತ್ರ ಫೋನನ್ನು ನನ್ನ ಮುಖದ ಹತ್ತಿರ ತಂದು ಒಂದು ದನಿಯನ್ನು ಕೇಳಿಸಿದ. ಯಾರದೆಂದು ಗೊತ್ತಾಗದ ಗಂಡಸಿನ ದನಿ, ಆದರೆ ಭಾಷೆ ನಮ್ಮದೇ, 'ಅಂತೆ'ಗೆ 'ಗಡ' ಅನ್ನುವ ನಮ್ಮ ಕಡೆಯ ಕನ್ನಡ.

"ಹ್ವಾಯ್, ನಮ್ಮೂರ್ ಸೊಸೈಟಿಯಂಗೆ ಯಾರ್ದಾರೂ ದುಡ್ಡ್ ಇದ್ರೆ ಇವತ್ತೇ ತಕಣಿ. ಎಲ್ಲಾ ಸಾಲಕ್ಕೆ ಕೊಟ್ಟ್ ಆಯ್ತ್ ಗಡ. ಒಳ್ಗೆ ಎಂತದೂ ಇಲ್ಲ ಗಡ."

"ಇದ್ ಹೌದಾ?" ಅಂತ ಆತ ಕೇಳಿದ.

"ಸುಳ್ಳ್," ಅಂದೆ. ಅಂದ ದನಿ ನನಗೇ ಗಟ್ಟಿಯಾಗಿ ಕೇಳಲಿಲ್ಲ. ಬೀಗಕ್ಕೆ ಕೀಲಿಕೈ ಹಾಕಿದೆ. ಹಿಂದೆ ನಿಂತವರು ಅದನ್ನೂ ನೋಡಿದರು.

ನಮ್ಮ ಸೊಸೈಟಿ ಇರುವುದು ಮರವಂತೆ ದಾಟಿ ಕಿರಿಮಂಜೇಶ್ವರಕ್ಕೆ ಹೋಗುವ ಹೆದ್ದಾರಿಯ ಬದಿಯಲ್ಲಿ. ನಾನು ಬಿ.ಕಾಂ ಮುಗಿಸಿ ಕ್ಯಾಶ್ ಕೌಂಟರಿಗೆ ಸೇರಿದಾಗ ಅದು ಗೊಬ್ಬರದಂಗಡಿಯ ಮೇಲಿನ ಒಂದೇ ಕೋಣೆ. ಯೂರಿಯಾದ ವಾಸನೆ ನೋಟಿಗೂ ಹತ್ತುತ್ತಿತ್ತು. ಅಲ್ಲಿಂದ ಸ್ವಂತ ಕಟ್ಟಡಕ್ಕೆ, ಗಾಜಿನ ಬಾಗಿಲಿಗೆ, ಏಸಿಗೆ ಬಂದದ್ದೆಲ್ಲ ಹೊರದೇಶದಲ್ಲಿ ದುಡಿಯುವ ನಮ್ಮ ಹುಡುಗರ ದುಡ್ಡಿನಿಂದ. ಅವರು ತಿಂಗಳು ತಿಂಗಳು ಬ್ಯಾಂಕಿನ ಖಾತೆಗೆ ಕಳಿಸುತ್ತಿದ್ದರು. ಮನೆಯವರು ಅಲ್ಲಿಂದ ತೆಗೆದು, ಬಡ್ಡಿ ಸ್ವಲ್ಪ ಹೆಚ್ಚು ಅಂತ ನಮ್ಮಲ್ಲಿ ಡೆಪಾಸಿಟ್ ಇಡುತ್ತಿದ್ದರು. ಟಿವಿಯಲ್ಲಿ ರೂಪಾಯಿ ಬಿತ್ತು ಅಂತ ದೊಡ್ಡ ದನಿಯಲ್ಲಿ ಹೇಳಿದ ದಿನ ನಮ್ಮೂರಿನಲ್ಲಿ ಯಾರಿಗೂ ಬೇಜಾರಿಲ್ಲ. ಒಂದು ದಿನಾರಿಗೆ ನಾಲ್ಕು ರೂಪಾಯಿ ಹೆಚ್ಚು ಸಿಕ್ಕಿತು ಅಂತ ಆ ವಾರ ಕೌಂಟರಿನಲ್ಲಿ ನೂಕುನುಗ್ಗಲು.

ಆ ದುಡ್ಡನ್ನು ನಾವು ಒಳಗೆ ಇಟ್ಟುಕೊಂಡು ಕೂರುವ ಹಾಗಿಲ್ಲವಲ್ಲ. ಡೆಪಾಸಿಟ್ಟಿಗೆ ಬಡ್ಡಿ ಕೊಡಬೇಕಾದರೆ ಯಾರಿಗಾದರೂ ಸಾಲ ಕೊಡಲೇಬೇಕು. ಬಹರೈನಿನಲ್ಲಿ ಒಬ್ಬ ವೆಲ್ಡಿಂಗ್ ಮಾಡಿ ಉಳಿಸಿದ್ದು ಇಲ್ಲಿ ಇನ್ನೊಬ್ಬನ ರಿಕ್ಷಾ ಆಗುತ್ತಿತ್ತು, ಮತ್ತೊಬ್ಬರ ಬಲೆ ಆಗುತ್ತಿತ್ತು, ಬೀಜಾಡಿಯ ಕಡೆಯ ಒಬ್ಬರ ಸಣ್ಣ ಹೋಟೆಲ್ ಆಗುತ್ತಿತ್ತು. ದೊಡ್ಡ ಬ್ಯಾಂಕಿನಲ್ಲಿ ಜಾಗದ ಪತ್ರ ಕೇಳಿದರೆ ತಲೆ ತಗ್ಗಿಸಿ ಬರುವ ಹೆಂಗಸರು ನಮ್ಮಲ್ಲಿ ಇಬ್ಬರ ಜಾಮೀನು ತಂದು ಸಾಲ ಪಡೆಯುತ್ತಿದ್ದರು. ಇದೆಲ್ಲ ಕೌಂಟರಿನಲ್ಲಿ ಕೂತ ನನಗೆ ದಿನನಿತ್ಯದ ಕೆಲಸ. ಅದರ ಬಗ್ಗೆ ಯೋಚನೆ ಮಾಡುವಂತಾದದ್ದು ಆ ದಿನದಿಂದ.

ನನ್ನ ಅಣ್ಣನೂ ಕುವೈಟಿನಲ್ಲಿದ್ದ. ಏಸಿ ರಿಪೇರಿ ಕೆಲಸ. ಹೋಗಿ ಹತ್ತಿರ ಹತ್ತಿರ ಹತ್ತು ವರ್ಷವಾಗಿತ್ತು. ಅಪ್ಪ ತೀರಿಹೋದ ಮೇಲೆ ಬುಟ್ಟಿ ಹೊತ್ತು ಮೀನು ಮಾರಿ ನಮ್ಮಿಬ್ಬರನ್ನೂ ಓದಿಸಿದ ಅಮ್ಮ, ಅಣ್ಣನ ದುಡ್ಡು ಬರತೊಡಗಿದ ಮೇಲೆ ಅವನ ಒತ್ತಾಯಕ್ಕೆ ಬುಟ್ಟಿ ಕೆಳಗಿಟ್ಟಿದ್ದಳು. ಕೂತಲ್ಲಿ ಕೂರಲಾರದ ಜೀವ ಅದು. ಬೆಳಿಗ್ಗೆ ದೋಣಿ ಬರುವ ಹೊತ್ತಿಗೆ ಏನೂ ಕೆಲಸವಿಲ್ಲದಿದ್ದರೂ ಕಡಲ ಬದಿಗೆ ಹೋಗಿ, ಯಾರ ಮೀನು ಎಷ್ಟಕ್ಕೆ ಹೋಯಿತು ಅಂತ ಕೇಳಿ ಬರುತ್ತಿದ್ದಳು.

ಹೊರದೇಶದಿಂದ ದುಡ್ಡು ಬಂದ ಮನೆಯವರು ಮೊದಲು ಮಾಡುವುದು ಮನೆ ಕಟ್ಟುವುದು. ನಮ್ಮ ಮನೆ ಮರವಂತೆಯಲ್ಲಿ ಕಡಲಿಗೆ ತೀರ ಹತ್ತಿರ. ಪ್ರತಿ ಮಳೆಗಾಲ ಒಂದೆರಡು ತೆಂಗಿನ ಮರ ನೀರಿಗೆ ಬೀಳುತ್ತದೆ. ಅಣ್ಣ ಒಮ್ಮೆ ರಜೆಯಲ್ಲಿ ಬಂದಾಗ ಅಂಗಳದ ಕೊನೆಯಲ್ಲಿ ನಿಂತು, "ಇಲ್ಲಿ ಸಿಮೆಂಟ್ ಹಾಕಿ ಎಂತ ಮಾಡೂದ್? ಕಡ್ಲಿಗೇ ಕಟ್ಟಿ ಕೊಟ್ಟಂಗ್ ಆತ್ತ್," ಅಂದಿದ್ದ. ಹಾಗಾಗಿ ಅವನ ಉಳಿತಾಯವೆಲ್ಲ ಅಮ್ಮನ ಹೆಸರಿನಲ್ಲಿ ನಮ್ಮ ಸೊಸೈಟಿಯ ಡೆಪಾಸಿಟ್ಟಿಗೆ ಬಂತು. ಇನ್ನೊಂದು ವರ್ಷ ದುಡಿದು ಬಂದುಬಿಡುತ್ತೇನೆ, ಬ್ರಹ್ಮಾವರದಲ್ಲಿ ಹೈವೇ ಬದಿಗೆ ಒಂದು ರಿಪೇರಿ ಅಂಗಡಿ ಹಾಕುತ್ತೇನೆ ಅನ್ನುವುದು ಅವನ ಲೆಕ್ಕ. ಹಾಗೆ ಡೆಪಾಸಿಟ್ ಇಡಿಸಿದ್ದು ನಾನೇ, ನನ್ನ ಕೌಂಟರಿನಲ್ಲೇ.

ಆ ವರ್ಷ ಮಳೆಗಾಲ ಶುರುವಾಗುವ ಮೊದಲೇ ಅವನ ಕಂಪೆನಿ ಸಂಬಳ ನಿಲ್ಲಿಸಿತ್ತು. ಇವತ್ತು ಕೊಡುತ್ತಾರೆ ನಾಳೆ ಕೊಡುತ್ತಾರೆ ಅಂತ ತಿಂಗಳುಗಳು ಹೋದವು. ಅದೇ ಕಂಪೆನಿಯಲ್ಲಿ ನಮ್ಮ ಕಡೆಯ ಹುಡುಗರು ತುಂಬ ಜನ. ಮನೆಗಳಿಗೆ ದುಡ್ಡು ಬರುವುದು ನಿಂತಿತು. ಜನ ಡೆಪಾಸಿಟ್ಟಿನಿಂದ ಅಷ್ಟಿಷ್ಟು ತೆಗೆದು ಕರೆಂಟು ಬಿಲ್ಲು, ಮಕ್ಕಳ ಫೀಸು ಕಟ್ಟತೊಡಗಿದರು. ಇಡುವವರು ಕಡಿಮೆಯಾದರು. ಆ ಹೊತ್ತಿಗೆ ಸರಿಯಾಗಿ ದೂರದ ಯಾವುದೋ ಊರಿನಲ್ಲಿ ಒಂದು ಸೊಸೈಟಿ ಬಾಗಿಲು ಹಾಕಿದ ಸುದ್ದಿ ಬಂತು. ಅಷ್ಟು ಸಾಕಾಯಿತು. ಸಂಬಳವಿಲ್ಲದೆ ರೂಮಿನಲ್ಲಿ ಸುಮ್ಮನೆ ಕೂತ ಹುಡುಗರ ಫೋನಿನಲ್ಲಿ ಆ ದನಿ ಸುತ್ತತೊಡಗಿತು. ನಮ್ಮ ಬಾಗಿಲಿನಿಂದ ಕೂಗಳತೆಯಲ್ಲಿರುವ ಮನೆಯವರಿಗೆ ನಮ್ಮ ಸುದ್ದಿ ಗೊತ್ತಾದದ್ದು ಕುವೈಟಿನಿಂದ.

ಬೀಗ ತೆಗೆದು ಒಳಗೆ ಕಾಲಿಟ್ಟದ್ದೇ ಅಣ್ಣನ ಫೋನು ಬಂತು.

"ಹೆಣೇ, ನೀನ್ ಒಳ್ಗೇ ಇಪ್ಪವ್ಳ್. ನಿಂಗ್ ಗೊತ್ತಿರತ್ತ್. ಸಮಾ ಹೇಳ್, ತೆಗುದಾ ಬೇಡ್ದಾ?"

"ಅಣ್ಣ, ಅದೆಲ್ಲಾ ಸುಳ್ಳ್ ಸುದ್ದಿ."

"ಸುಳ್ಳಾದ್ರೆ ಒಳ್ಳೇದೇ. ತೆಗುದಾ ಬೇಡ್ದಾ, ಅದನ್ನ್ ಹೇಳ್."

ದುಡ್ಡು ಮುಳುಗಿರಲಿಲ್ಲ, ಅದು ನನಗೆ ಗೊತ್ತಿತ್ತು. ಅದು ರಿಕ್ಷಾಗಳಲ್ಲಿ, ಬಲೆಗಳಲ್ಲಿ ಓಡಾಡುತ್ತ ಇತ್ತು, ಕಂತಿನಲ್ಲಿ ವಾಪಸು ಬರುತ್ತಿತ್ತು. ಆದರೆ ಹೊರಗೆ ನಿಂತವರೆಲ್ಲ ಇವತ್ತೇ ಕೇಳಿದರೆ ಕಪಾಟಿನಲ್ಲಿ ಇರುವುದು ಯಾತಕ್ಕೂ ಸಾಲದು, ಅದೂ ನನಗೆ ಗೊತ್ತಿತ್ತು. ತೆಗಿ ಅಂದರೆ ಒಳಗಿನವಳೇ ಹೇಳಿದಳು ಅಂತ ಅವನ ರೂಮಿಗೆಲ್ಲ ಗೊತ್ತಾಗುತ್ತದೆ. ಬೇಡ ಅಂದು, ನಾಳೆ ಏನಾದರೂ ಆದರೆ, ಅವನ ಅಷ್ಟು ವರ್ಷಗಳಿಗೆ ನಾನು ಯಾವ ಮುಖ ಇಟ್ಟುಕೊಂಡು ಜವಾಬು ಕೊಡಲಿ?

"ಮಧ್ಯಾಹ್ನ ಹೇಳ್ತೆ," ಅಂದೆ.

"ಮಧ್ಯಾಹ್ನವಾ?" ಅಂದ. ಆಮೇಲೆ ಫೋನು ಇಟ್ಟ.

ಮ್ಯಾನೇಜರು ಬ್ರಹ್ಮಾವರದಿಂದ ದಿನಾ ಬಸ್ಸಿನಲ್ಲಿ ಬರುವವರು. ಅವತ್ತು ಯಾರದೋ ಬಿಳಿ ಕಾರು ಹಿಡಿದು ಬೇಗ ಬಂದರು. ನಿವೃತ್ತಿಗೆ ಹತ್ತಿರವಾದ, ಮೆಲ್ಲಗೆ ಮಾತಾಡುವ ಮನುಷ್ಯ. ನಮ್ಮ ಸೊಸೈಟಿಯ ಮೀಸಲು ದುಡ್ಡು ಕುಂದಾಪುರದ ದೊಡ್ಡ ಬ್ಯಾಂಕಿನಲ್ಲಿತ್ತು. ಅದನ್ನು ತರಲು ಅವರೇ ಹೊರಟರು.

"ಬಾಗಿಲ್ ಮಾತ್ರ ಹಾಕ್ಬೇಡಿ," ಅಂದರು ನನಗೆ. "ಬಾಗಿಲ್ ಹಾಕ್ರೆ ಮುಗೀತ್. ಉಳಿತಾಯ ಖಾತೆಯಿಂದ ಒಬ್ಬೊಬ್ಬರಿಗೆ ಒಂಚೂರು ಒಂಚೂರು ಕೊಡ್ತಾ ಇರಿ. ಡೆಪಾಸಿಟ್ ಮುರಿಯೂಕೆ ಬಂದವ್ರಿಗೆ ನಾನ್ ಬಂದ್ ಮೇಲೆ ಅಂತ ಹೇಳಿ."

ಅವರು ಹೋದ ಮೇಲೆ ಕೌಂಟರಿನಲ್ಲಿ ಕೂತೆ. ಕಾಲು ಮಾತ್ರ ಕೂರಲಿಲ್ಲ, ಮೇಜಿನ ಅಡಿಯಲ್ಲಿ ಅದು ತನ್ನಷ್ಟಕ್ಕೆ ಕುಣಿಯುತ್ತಿತ್ತು. ಮೊದಲು ಬಂದವರಿಗೆ ಕೊಟ್ಟೆ. ನೋಟು ಎಣಿಸುವ ಯಂತ್ರದ ಸದ್ದಿಗೆ ಕ್ಯೂನಲ್ಲಿದ್ದವರೆಲ್ಲ ಕತ್ತು ಚಾಚುತ್ತಿದ್ದರು. ಕಿಟಕಿಯಿಂದ ಹೆದ್ದಾರಿ ಕಾಣುತ್ತಿತ್ತು. ಬಿಳಿ ಕಾರು ಕಂಡಾಗಲೆಲ್ಲ ನನ್ನ ಕಣ್ಣು ಅಲ್ಲಿಗೆ ಹೋಗುತ್ತಿತ್ತು, ನನ್ನ ಜೊತೆ ಜನರ ಕಣ್ಣೂ ಹೋಗುತ್ತಿತ್ತು.

ಬಾಗಿಲ ಹತ್ತಿರ ಗೋಡೆಗೆ ಒರಗಿ ಒಬ್ಬಳು ಹೆಂಗಸು ನಿಂತಿದ್ದಳು. ಅವಳು ನಮ್ಮ ಕೆಳಮನೆಯ ಅಕ್ಕ. ಹಿಂದೆ ಅಮ್ಮನೂ ಅವಳೂ ಒಟ್ಟಿಗೆ ಬುಟ್ಟಿ ಹೊತ್ತು ಬೈಂದೂರಿನ ತನಕ ಹೋಗುತ್ತಿದ್ದರು. ಗಂಡ ಇಲ್ಲ, ಇಬ್ಬರು ಹೆಣ್ಣುಮಕ್ಕಳು, ಹೊರದೇಶದಲ್ಲಿ ಯಾರೂ ಇಲ್ಲ. ಹಳೆಯದೊಂದು ಗೂಡ್ಸ್ ರಿಕ್ಷಾ ಕೊಂಡು ಐಸ್ ಪೆಟ್ಟಿಗೆ ಇಟ್ಟು, ಒಳಗಿನ ಊರುಗಳಿಗೆ ಮೀನು ಒಯ್ಯಬೇಕೆಂದು ಸಾಲಕ್ಕೆ ಅರ್ಜಿ ಹಾಕಿದ್ದಳು. ಹಿಂದಿನ ವಾರವಷ್ಟೇ ಮಂಜೂರಾಗಿತ್ತು. ಅವತ್ತು ದುಡ್ಡು ಕೊಡುತ್ತೇವೆಂದು ನಾನೇ ಹೇಳಿದ್ದೆ. ಸ್ನಾನ ಮಾಡಿ, ಹೂ ಮುಡಿದು ಬಂದಿದ್ದಳು. ಇಷ್ಟೊಂದು ಜನ ದುಡ್ಡು ತೆಗೆಯಲು ನಿಂತದ್ದನ್ನು ಕಂಡು ಅವಳಿಗೆ ಮುಂದೆ ಬರಬೇಕೋ ಹಿಂದೆ ಹೋಗಬೇಕೋ ತಿಳಿಯದಾಗಿತ್ತು.

ಕ್ಯೂ ಮುಂದೆ ಸರಿಯುತ್ತಿತ್ತು. ಚೀಟಿಯ ಮೇಲೆ ಕಣ್ಣಿಟ್ಟು, "ಮುಂದೆ ಬನಿ," ಅಂದೆ. ಗಾಜಿನ ಅಡಿಯ ಸಂದಿನಿಂದ ಪಾಸ್‌ಬುಕ್ಕು ಹಿಡಿದ ಕೈ ಒಳಗೆ ಬಂತು. ಬೆರಳುಗಳಲ್ಲಿ ಮೀನು ಹೆಚ್ಚಿದ ಹಳೆಯ ಗಾಯದ ಗೆರೆಗಳು. ತಲೆಯೆತ್ತಿದೆ. ಅಮ್ಮ.

"ಅಮ್ಮ, ನೀನ್ ಎಂತಕ್ ಬಂದದ್?"

"ಅವ್ನ್ ಫೋನ್ ಮಾಡಿದ್ದ. ತೆಗಿ ಅಂದ. ತೆಗುಕ್ ಬಂದೆ."

"ನಾನ್ ಮನಿಗ್ ಬಂದ್ ಮಾತಾಡ್ತೆ. ಈಗ ಹೋಗ್," ಅಂದೆ, ಆದಷ್ಟು ಮೆಲ್ಲಗೆ.

"ನೀ ಮನಿಗ್ ಬಪ್ಪತ್ತಿಗೆ ಇಲ್ಲಿ ಎಂತ ಉಳ್ದಿರತ್ತ್?" ಅಂದಳು. ಮೀನಿನ ಮಾರ್ಕೆಟ್ಟಿನ ದನಿ ಅವಳದು, ಮೆಲ್ಲಗೆ ಮಾತಾಡಿ ಗೊತ್ತಿಲ್ಲ.

ಇಡೀ ಕ್ಯೂ ಅದನ್ನು ಕೇಳಿಸಿಕೊಂಡಿತು. ಆಮೇಲೆ ಹಿಂದಿನಿಂದ ಯಾರೋ ಕೂಗಿದರು, "ಕ್ಯಾಶಿನವ್ಳ್ ಅಬ್ಬಿಯೇ ದುಡ್ಡ್ ತೆಗುಕ್ ಬಂದಿತ್ ಕಾಣಿ! ಇನ್ನೆಂತ ಬೇಕ್ ನಿಮ್ಗೆ?"

ಜನ ಒಮ್ಮೆಲೇ ಮುಂದೆ ನುಗ್ಗಿದರು. ಅಮ್ಮನ ಎದೆ ಕೌಂಟರಿನ ಕಟ್ಟೆಗೆ ಒತ್ತಿತು. ಹೊರಗೆ ನಿಂತವರೂ ಒಳಗೆ ಬಂದರು, ಚಪ್ಪಲಿ ಹಾಕಿಕೊಂಡೇ. ಗಾಜಿನ ಬಾಗಿಲು ಯಾರದೋ ಮೊಣಕೈಗೆ ಸಿಕ್ಕಿ ಉದ್ದಕ್ಕೆ ಸೀಳು ಬಿಟ್ಟಿತು. ನನಗೆ ಸಿಟ್ಟು, ನಾಚಿಕೆ, ಹೆದರಿಕೆ ಎಲ್ಲ ಒಟ್ಟಿಗೆ ಬಂದವು. ಊರಿನ ಎಲ್ಲರೂ ನಂಬದಿದ್ದರೆ ಬೇಡ, ಇವಳಾದರೂ ಒಂದು ದಿನ ತಡೆಯಬಾರದಿತ್ತೇ ಅನ್ನಿಸಿತು.

"ಡೆಪಾಸಿಟ್ ಮ್ಯಾನೇಜರ್ ಬಂದ್ ಮೇಲೆ," ಅಂದೆ. "ಈಗ ಎಲ್ಲರಿಗ್ ಕೊಟ್ಟಷ್ಟೇ ನಿಂಗೂ ಕೊಡುಕ್ ಆಪುದ್."

"ಎಲ್ಲರಿಗ್ ಕೊಟ್ಟಷ್ಟೇ ಕೊಡ್. ಮಗ್ಳ್ ಅಂದೇಳಿ ನಂಗ್ ಜಾಸ್ತಿ ಬೇಡ, ಕಮ್ಮಿಯೂ ಬೇಡ," ಅಂದಳು. ಕೊಟ್ಟದ್ದನ್ನು ಸೆರಗಿಗೆ ಗಂಟು ಹಾಕಿ ಹೋಗಿ ಅಕ್ಕನ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಮ್ಯಾನೇಜರು ಬರುವ ತನಕ ಏಳುವುದಿಲ್ಲ ಅನ್ನುವ ಹಾಗೆ ಕಾಲು ಚಾಚಿದಳು.

ಮ್ಯಾನೇಜರು ಬರಲಿಲ್ಲ. ಫೋನು ಮಾಡಿದರೆ, ದುಡ್ಡು ಸಿಕ್ಕಿದೆ, ಆದರೆ ಮರವಂತೆಯಲ್ಲಿ ಕಡಲಿಗೆ ಕಲ್ಲು ಹಾಕುವ ಲಾರಿಯೊಂದು ರಸ್ತೆಗೆ ಅಡ್ಡ ನಿಂತಿದೆ, ಒಂದು ಬದಿ ಹೊಳೆ, ಒಂದು ಬದಿ ಕಡಲು, ತಿರುಗಿಸಿಕೊಂಡು ಬರಲು ಬೇರೆ ದಾರಿ ಇಲ್ಲ ಅಂದರು. ಅದನ್ನು ನಾನು ಎದ್ದು ನಿಂತು ಎಲ್ಲರಿಗೂ ಹೇಳಿದೆ. ಯಾರೂ ನಂಬಲಿಲ್ಲ. "ದುಡ್ಡ್ ಹಿಡ್ಕಂಡ್ ಗೋವಾ ಬದಿಗ್ ಹೋಯ್ರಾ ಏನೋ," ಅಂದ ಒಬ್ಬ. ಯಾರೋ ನಕ್ಕರು, ಆದರೆ ನಗು ಉಳಿಯಲಿಲ್ಲ. ಕಪಾಟಿನಲ್ಲಿ ಉಳಿದದ್ದು ಬೇಗ ಬೇಗ ಕರಗುತ್ತಿತ್ತು. ನಾನು ನೋಟುಗಳನ್ನು ಯಂತ್ರಕ್ಕೆ ಹಾಕುವುದು ಬಿಟ್ಟು ಕೈಯಲ್ಲಿ ಎಣಿಸತೊಡಗಿದೆ. ಹೊತ್ತು ಹೋಗಲಿ ಅಂತ. ಅಣ್ಣನ ಫೋನು ಮೇಜಿನ ಮೇಲೆ ಮಿಣುಕಿ ಮಿಣುಕಿ ಆರುತ್ತಿತ್ತು. ತೆಗೆಯಲಿಲ್ಲ.

ಕಪಾಟು ಬರಿದಾಗಲು ಇನ್ನು ಕೆಲವೇ ಜನ ಉಳಿದಿದ್ದಾಗ ಕಾರು ಬಂತು. ಮ್ಯಾನೇಜರು ಹಿಂದಿನ ಬಾಗಿಲಿನಿಂದ ಬರಲಿಲ್ಲ. ಡ್ರೈವರನ ಕೈಗೂ ಕೊಡದೆ, ಎರಡು ಚೀಲಗಳನ್ನು ತಾವೇ ಹಿಡಿದುಕೊಂಡು, ಜನರ ನಡುವೆಯೇ ದಾರಿ ಮಾಡಿಕೊಂಡು ಬಂದರು. ಬೆವರಿಗೆ ಅಂಗಿ ಬೆನ್ನಿಗೆ ಅಂಟಿತ್ತು. ಚೀಲವನ್ನು ಎಲ್ಲರಿಗೂ ಕಾಣುವ ಹಾಗೆ ನನ್ನ ಮೇಜಿನ ಮೇಲೆ ಇಟ್ಟು ತೆರೆದರು.

"ಯಾರ್ಯಾರಿಗೆ ಬೇಕ್, ತಕಣಿ," ಅಂದರು. "ಇವತ್ತ್ ಸಾಕಾಗ್ದಿದ್ರೆ ನಾಳೆ ಇತ್ತ್, ನಾಡ್ದಿಗೂ ಇತ್ತ್."

ಸುಮಾರು ಜನ ಅಲ್ಲಿಂದಲೇ ತಿರುಗಿ ಹೋದರು. ಕಂಡರೆ ಸಾಕಿತ್ತು ಅವರಿಗೆ. ಆದರೆ ಅಮ್ಮ ಎದ್ದು ಬಂದಳು. ಡೆಪಾಸಿಟ್ ಮುರಿಸಿಯೇ ಹೋದಳು. ಒಮ್ಮೆಗೆ ಆಗುವುದಿಲ್ಲ ಅಂದದ್ದಕ್ಕೆ ಮರುದಿನವೂ ಬಂದಳು, ಅದರ ಮರುದಿನವೂ ಬಂದಳು. ಮೂರು ದಿನ ನಾವಿಬ್ಬರೂ ಬೆಳಿಗ್ಗೆ ಒಂದೇ ಬಸ್ಸಿನಲ್ಲಿ, ಮಾತಿಲ್ಲದೆ, ಬೇರೆ ಬೇರೆ ಸೀಟಿನಲ್ಲಿ ಕೂತು ಸೊಸೈಟಿಗೆ ಹೋದೆವು.

ಸೊಸೈಟಿ ಬೀಳಲಿಲ್ಲ. ವಾರ ಕಳೆಯುವಾಗ ಕ್ಯೂ ಇರಲಿಲ್ಲ. ಆದರೆ ಹೋದ ದುಡ್ಡು ಬೇಗ ಬರಲಿಲ್ಲ. ಆಡಳಿತ ಮಂಡಳಿ ಸಭೆ ಸೇರಿ, ಮುಂದಿನ ತೀರ್ಮಾನದ ತನಕ ಹೊಸ ಸಾಲ ಇಲ್ಲ, ಮಂಜೂರಾದದ್ದನ್ನೂ ಕೊಡುವುದಿಲ್ಲ ಅಂತ ಠರಾವು ಮಾಡಿತು. ಅದನ್ನು ಕೆಳಮನೆಯ ಅಕ್ಕನಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಅವರ ಮನೆಗೇ ಹೋದೆ. ಅಂಗಳದಲ್ಲಿ ಒಣಮೀನು ತಿರುವಿ ಹಾಕುತ್ತಿದ್ದಳು. ಕೇಳಿಸಿಕೊಂಡು ಇನ್ನೊಂದು ಸಾಲು ಮೀನು ತಿರುವಿದಳು.

"ಕುವೈಟಂಗೆ ನಂಗ್ ಯಾರೂ ಇಲ್ಲ ಹೆಣೇ," ಅಂದಳು. "ಅಲ್ಲಿ ಸಂಬ್ಳ ನಿಂತ್ರೆ ಇಲ್ಲಿ ನನ್ನ್ ಗಾಡಿ ಎಂತಕ್ ನಿಲ್ಕ್?"

ನಾನು ಬಿ.ಕಾಂನಲ್ಲಿ ಓದಿದ್ದನ್ನು ಅವಳಿಗೆ ಅರ್ಥವಾಗುವ ಹಾಗೆ ಹೇಳಲು ನೋಡಿದೆ. ದುಡ್ಡು ಅಲ್ಲಿಂದ ಬರುತ್ತದೆ, ಇಲ್ಲಿ ಸಾಲ ಆಗುತ್ತದೆ, ಅಲ್ಲಿ ನಿಂತರೆ ಇಲ್ಲಿಯೂ ನಿಲ್ಲುತ್ತದೆ ಅಂತ. ಅವಳಿಗೆ ಅದು ಅರ್ಥವಾಗಿಯೇ ಇತ್ತು. ಗಾಡಿಯವನಿಗೆ ಅವಳು ಮುಂಗಡ ಕೊಟ್ಟಾಗಿತ್ತು, ಅವನು ವಾಪಸು ಕೊಡುವವನಲ್ಲ. ಅದನ್ನು ಅವಳು ಹೇಳಲಿಲ್ಲ, ಮಗಳು ಹೇಳಿದಳು.

ಮನೆಯಲ್ಲಿ ಅಮ್ಮನಿಗೆ ನೆಮ್ಮದಿ ಇರಲಿಲ್ಲ. ದುಡ್ಡನ್ನು ಅಕ್ಕಿ ಡಬ್ಬಿಯಲ್ಲಿಟ್ಟಳು, ಅಲ್ಲಿಂದ ತೆಗೆದು ದೇವರ ಮಂಟಪದ ಹಿಂದೆ ಇಟ್ಟಳು, ಅಲ್ಲಿ ಇಲಿ ಬರುತ್ತದೆ ಅಂತ ಹಾಸಿಗೆಯ ಅಡಿಗೆ ತಂದಳು. ಕಡಲ ಬದಿಗೆ ಹೋಗುವುದನ್ನು ಬಿಟ್ಟಳು. ಅಂಗಳದಲ್ಲಿ ಯಾರ ಹೆಜ್ಜೆ ಕೇಳಿದರೂ ಎದ್ದು ಬರುತ್ತಿದ್ದಳು. ಬ್ಯಾಂಕಿಗಾದರೂ ಹಾಕು ಅಂದರೆ, "ಅವ್ನ್ ಬರ್ಲಿ," ಅನ್ನುತ್ತಿದ್ದಳು. ನಾನೂ ನಿದ್ದೆಗೆಟ್ಟೆ. ಅಲೆ ಕಲ್ಲಿಗೆ ಬಡಿಯುವ ಸದ್ದು ಹುಟ್ಟಿದಾಗಿನಿಂದ ಕೇಳಿದ್ದೇ, ಆ ದಿನಗಳಲ್ಲಿ ಅದು ಬಾಗಿಲು ತಟ್ಟಿದ ಹಾಗೆ ಕೇಳುತ್ತಿತ್ತು.

ಒಂದು ದಿನ ಕೆಲಸ ಮುಗಿಸಿ ಬರುವಾಗ ಕೆಳಮನೆಯ ಎದುರು ಹಸಿರು ಬಣ್ಣದ ಗೂಡ್ಸ್ ರಿಕ್ಷಾ ನಿಂತಿತ್ತು. ಅಕ್ಕ ಅದರ ಕನ್ನಡಿಗೆ ಹೂ ಹಾಕುತ್ತಿದ್ದಳು. ನೇರ ಅಡುಗೆಮನೆಗೆ ಹೋದೆ.

"ಅಮ್ಮ, ದುಡ್ಡ್ ಕೊಟ್ಯಾ ಅವ್ಳಿಗೆ?"

"ಹೌದ್, ಕೊಟ್ಟೆ."

"ಅಣ್ಣನ್ ದುಡ್ಡ್ ಅದ್! ನಿಂಗೆ ಸೊಸೈಟಿ ಮೇಲೆ ನಂಬಿಕಿ ಇಲ್ಲ, ಅವ್ಳ್ ಮೇಲೆ ಇತ್ತಾ?"

ಅಮ್ಮ ಬಂಗುಡೆ ತೊಳೆಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ಸೊಸೈಟಿಯಂಗೆ ನಂಗ್ ಕಾಂಬುದ್ ನಿನ್ ಮೋರೆ ಒಂದೇ. ಆವತ್ತ್ ನಿನ್ ಮೋರೆ ಕಂಡೇ ನಾನ್ ಹೆದ್ರಿದ್ದ್," ಅಂದಳು. "ಇವ್ಳ್ ಮಳೆಯಂಗೂ ನನ್ ಸಂಗ್ತಿ ಬೈಂದೂರಿಗ್ ನಡ್ಕಂಡ್ ಬಂದವ್ಳ್. ಅವ್ಳ್ ಮೋರೆ ನಂಗ್ ಗೊತ್ತಿತ್ತ್."

ಆ ಮಾತು ನನ್ನನ್ನು ತುಂಬ ದಿನ ಕಾಡಿತು. ಸೊಸೈಟಿಯ ಲೆಕ್ಕ ಸರಿಯಿತ್ತು, ಆಡಿಟ್ ಸರಿಯಿತ್ತು, ಅಮ್ಮ ನೋಡಿದ್ದು ಮಾತ್ರ ನನ್ನ ಮುಖವನ್ನು. ಹಾಗೆಂದು ಅವಳು ಮಾಡಿದ್ದು ಸರಿ ಅಂತಲೂ ನನಗೆ ಅನ್ನಿಸಲಿಲ್ಲ, ಇವತ್ತಿಗೂ ಅನ್ನಿಸುವುದಿಲ್ಲ. ಗಾಡಿ ಮಗುಚಿದ್ದರೆ, ಮೀನು ಸಿಗದಿದ್ದರೆ, ಅಣ್ಣನ ದುಡಿಮೆಯ ಒಂದು ಪಾಲು ಹೋದ ಹಾಗೆಯೇ.

ಅಣ್ಣ ಬಂದದ್ದು ನವೆಂಬರಿನಲ್ಲಿ. ಬಾಕಿ ಸಂಬಳದ ಆಸೆ ಬಿಟ್ಟು, ಕಂಪೆನಿ ಕೊಟ್ಟ ಟಿಕೇಟಿನಲ್ಲಿ, ಒಂದೇ ಸೂಟ್‌ಕೇಸಿನಲ್ಲಿ ಬಂದ. ಮಂಗಳೂರಿನಿಂದ ಬಸ್ಸಿನಲ್ಲೇ ಬಂದ. ಹಿಂದೆಲ್ಲ ಅವನು ಬಂದ ದಿನ ಮನೆ ತುಂಬ ಜನ, ಸೆಂಟಿನ ವಾಸನೆ. ಆ ಸಲ ಊಟಕ್ಕೆ ಕೂತದ್ದು ನಾವು ಮೂವರೇ. ಉಂಡು ಕೈ ತೊಳೆದ ಮೇಲೆ ದುಡ್ಡಿನ ಮಾತು ತೆಗೆದ. ಅಮ್ಮ ಇದ್ದದ್ದನ್ನು ತಂದು ಮುಂದಿಟ್ಟು ಉಳಿದದ್ದು ಎಲ್ಲಿದೆ ಅಂತ ಹೇಳಿದಳು.

ಅವನು ಕಿರುಚಲಿಲ್ಲ. ಎದ್ದು ಅಂಗಳದಲ್ಲಿ ಆ ಕಡೆ ಈ ಕಡೆ ನಡೆದ. "ನಾನ್ ಅಲ್ಲಿ ಐವತ್ತ್ ಡಿಗ್ರಿ ಬಿಸ್ಲಂಗೆ ಮಾಡಿನ್ ಮೇಲ್ ಹತ್ತಿ ದುಡ್ದದ್," ಅಂದ. "ನಂಗೊಂದ್ ಮಾತ್ ಕೇಂಬ್ದಲ್ದಾ?"

"ಕೇಂಡ್ರೆ ನೀನ್ ಬೇಡ ಅಂತಿದ್ದೆ," ಅಂದಳು ಅಮ್ಮ.

ಆಮೇಲೆ ಅವನು ನನ್ನ ಕಡೆ ತಿರುಗಿದ. "ನೀನ್ ಮಧ್ಯಾಹ್ನ ಹೇಳ್ತೆ ಅಂದವ್ಳ್, ಹೇಳ್ಳೇ ಇಲ್ಲ."

"ಗೊತ್ತಿದ್ರೆ ಹೇಳ್ತಿದ್ದೆ ಅಣ್ಣ," ಅಂದೆ. "ಆವತ್ತ್ ಯಾರಿಗೂ ಗೊತ್ತಿರ್ಲಿಲ್ಲ."

ಕೆಲವು ದಿನ ಅವನು ನಮ್ಮಿಬ್ಬರ ಹತ್ತಿರವೂ ಮಾತು ಬಿಟ್ಟ. ಬೆಳಿಗ್ಗೆ ಎದ್ದು ಬ್ರಹ್ಮಾವರಕ್ಕೆ ಹೋಗುವುದು, ಬಾಡಿಗೆ ಕೋಣೆ ನೋಡುವುದು, ಮುಂಗಡ ಕೇಳಿ ವಾಪಸು ಬರುವುದು. ಸಂಜೆಗೆ ಫೋನು ಹಿಡಿದು ಕಲ್ಲಿನ ತಡೆಗೋಡೆಯ ಮೇಲೆ ಕೂರುವುದು. ಮಸ್ಕತ್ತಿಗೆ ಹೋದ ಹಳೆಯ ರೂಮಿನವನೊಬ್ಬ ಅವನನ್ನು ಕರೆಯುತ್ತಿದ್ದ. ಇವನು ಹೋಗುತ್ತಾನೋ ಇರುತ್ತಾನೋ ಅಂತ ನಾನೂ ಅಮ್ಮನೂ ಅವನ ಬೆನ್ನು ನೋಡುತ್ತ ಒಳಗಿನಿಂದ ಕಾಯುತ್ತಿದ್ದೆವು.

ಕೊನೆಗೆ ಅವನು ಬಂದು ನಿಂತದ್ದು ಸೊಸೈಟಿಯಲ್ಲಿ, ಉಳಿದ ದುಡ್ಡು ಅಂಗಡಿಗೆ ಸಾಕಾಗದೆ ಸಾಲ ಕೇಳಲು. ಅಷ್ಟು ಹೊತ್ತಿಗೆ ಸಾಲ ಕೊಡುವುದು ಮೆಲ್ಲಗೆ ಮತ್ತೆ ಶುರುವಾಗಿತ್ತು. ಆಡಳಿತ ಮಂಡಳಿಯ ಒಬ್ಬರು, ಅಣ್ಣ ಕುವೈಟಿನಲ್ಲಿದ್ದಾಗ ರಜೆಗೆ ಬಂದರೆ ಕುರ್ಚಿ ಹಾಕಿ ಕೂರಿಸಿದವರು, "ಈಗ ನಿಮ್ಗೆ ಸಂಬ್ಳ ಇಲ್ಲಲೆ. ಕಂತ್ ಹ್ಯಾಂಗ್ ಕಟ್ತ್ರಿ?" ಅಂತ ಕೇಳಿದರು. ಅಣ್ಣ ಕೆಂಪಾದ. ಮ್ಯಾನೇಜರು ಅಮ್ಮನ ಹೆಸರಿನ ಹಳೆಯ ಖಾತೆ ತೆಗೆಸಿ, ಸಂಬಳ ನಿಲ್ಲುವ ತನಕ ಒಂದು ತಿಂಗಳೂ ತಪ್ಪದೆ ಅಣ್ಣನ ದುಡ್ಡು ಬಂದದ್ದನ್ನು ತೋರಿಸಿ, "ಇಷ್ಟ್ ವರ್ಷ ಇವ್ರ್ ದುಡ್ಡಂಗೆ ನಾವ್ ಊರಿಗ್ ಸಾಲ ಕೊಟ್ಟದ್," ಅಂದರು. ಎರಡು ಜಾಮೀನು ಬೇಕಿತ್ತು. ಒಂದು ಮ್ಯಾನೇಜರ ಪರಿಚಯದವರದು. ಇನ್ನೊಂದಕ್ಕೆ ಕೆಳಮನೆಯ ಅಕ್ಕ ತಾನಾಗಿ ಬಂದಳು. ಅವಳ ಸಹಿ ನಡೆಯುತ್ತದೆಯೇ ಅನ್ನುವುದಕ್ಕೇ ಒಂದು ವಾರ ಚರ್ಚೆಯಾಯಿತು. ಗಾಡಿ ಅವಳ ಹೆಸರಿನಲ್ಲಿತ್ತು, ಯಾವ ಬ್ಯಾಂಕಿನ ಸಾಲವೂ ಇಲ್ಲದ ಗಾಡಿ. ನಡೆಯಿತು.

ಅಂಗಡಿ ಸಣ್ಣದು. ಅವನು ಅಂದುಕೊಂಡ ಹೈವೇ ಬದಿಯಲ್ಲ, ಒಂದು ಓಣಿಯ ಒಳಗೆ. ಮೊದಲ ಮಳೆಗಾಲ ಏಸಿ ಕೆಲಸವೇ ಇಲ್ಲದೆ ಒದ್ದಾಡಿದ. ಮಸ್ಕತ್ತಿನ ಫೋನು ಬಂದರೆ ಹೊರಗೆ ಹೋಗಿ ಮಾತಾಡುತ್ತಿದ್ದ. ಆಮೇಲೆ ಮೀನಿನ ಕೋಲ್ಡ್ ಸ್ಟೋರೇಜು, ಐಸ್ ಪ್ಲಾಂಟುಗಳ ಕೆಲಸ ಹಿಡಿದ. ಅದಕ್ಕೆ ಮಳೆ ಬಿಸಿಲು ಅಂತಿಲ್ಲ. ಈಗ ಅವನ ಜೊತೆ ಇನ್ನೊಬ್ಬ ಇದ್ದಾನೆ, ಅವನೂ ಬಹರೈನಿನಿಂದ ವಾಪಸು ಬಂದವನೇ. ಅಕ್ಕ ಅಮ್ಮನಿಗೆ ವಾರ ವಾರ ಕೊಡುತ್ತ ಬಂದು ಸಾಲ ತೀರಿಸಿದಳು. ಅದು ತೀರುವ ಮೊದಲೇ ಅಮ್ಮ ಅವಳ ಗಾಡಿ ಹತ್ತಿ ಬೈಂದೂರು ಮಾರ್ಕೆಟ್ಟಿಗೆ ಹೋಗಲು ಶುರುಮಾಡಿದ್ದಳು. ಅಣ್ಣ ಬೇಡ ಅಂದರೆ, "ಮನೆಯಂಗ್ ಕೂತ್ರೆ ನನ್ ಕಾಲ್ ಹಿಡೀತ್," ಅನ್ನುತ್ತಾಳೆ.

ನನ್ನ ಚಡಪಡಿಕೆ ಮಾತ್ರ ಪೂರ್ತಿ ಹೋಗಿಲ್ಲ. ಅರಬ್ ದೇಶದ ಯಾವ ಸುದ್ದಿ ಬಂದರೂ, ಎಣ್ಣೆಯ ಬೆಲೆ ಇಳಿದರೂ, ಎಲ್ಲೋ ಬಾಂಬು ಬಿದ್ದರೂ ನನಗೆ ಮೊದಲು ನೆನಪಾಗುವುದು ನಮ್ಮ ಕಪಾಟು. ಆಮೇಲೆ ಸಾಲ ಕೇಳಿ ಬಂದು ಕೂತ ಹೆಂಗಸರ ಮುಖ. ಮ್ಯಾನೇಜರು ನಿವೃತ್ತರಾಗುವಾಗ ಬಾಗಿಲ ಹತ್ತಿರ ನಿಂತು ನನ್ನನ್ನು ಕರೆದು, "ಕೌಂಟರಲ್ಲಿ ಕೂತಾಗ ಮೋರೆ ಒಂದ್ ಸಮಾ ಇಟ್ಕಣಿ," ಅಂದಿದ್ದರು. ಅಮ್ಮ ಅಂದದ್ದನ್ನು ನಾನು ಅವರಿಗೆ ಯಾವತ್ತೂ ಹೇಳಿರಲಿಲ್ಲ.

ಕಂತು ಕಟ್ಟುವುದನ್ನು ಅಣ್ಣ ಫೋನಿನಲ್ಲೇ ಮಾಡಬಹುದು. ಮಾಡುವುದಿಲ್ಲ. ತಿಂಗಳಿಗೊಮ್ಮೆ ಕೌಂಟರಿಗೆ ಬಂದು, ನೋಟು ಕೊಟ್ಟು, ರಶೀದಿಗೆ ಕಾಯುತ್ತ ಒಂದು ಕಾಲ ಮೇಲೆ ನಿಲ್ಲುತ್ತಾನೆ. ಮೊನ್ನೆಯೂ ಬಂದಿದ್ದ. ಕೈಗೆ ಗ್ರೀಸು ಮೆತ್ತಿತ್ತು.

"ಬೇಗ ಕೊಡ್ ಹೆಣೇ," ಅಂದ. "ಶಿರೂರಂಗ್ ಒಂದ್ ಐಸ್ ಪ್ಲಾಂಟ್ ನಿಂತಿತ್. ಮೀನ್ ಹಾಳಾತ್ತ್."

ರಶೀದಿ ಹರಿದು ಕೊಟ್ಟೆ. ಅದನ್ನು ನೋಡದೆಯೇ ಜೇಬಿಗೆ ತುರುಕಿ, ಮೆಟ್ಟಿಲಿಳಿದು ಬೈಕು ಹತ್ತಿ ಬೈಂದೂರಿನ ಕಡೆ ಹೋದ.